ಗೇಜಿನ ಮುಳ್ಳು, ಕ್ಯಾಂಟೀನಿನ ಫೋರ್ಕು

ಇಪ್ಪತ್ತು ವರ್ಷಗಳಿಂದ ಪ್ರೆಶರ್ ಗೇಜು ರಿಪೇರಿ ಮಾಡುತ್ತಿದ್ದೇನೆ. ಬುದ್ಧಿವಂತರ ಕಾಟ ಒಂದು ವಾರವೂ ತಪ್ಪಿಲ್ಲ. ಯಲಹಂಕ ಹಳೇ ಊರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಗಸು ಗೇಜು ಬಿಚ್ಚುವುದನ್ನು ನೋಡಿ ಮೂಗೆಳೆಯುವವರು ಬಹಳ. ಅವರು ತರುವ ಗೇಜುಗಳ ಗತಿ ನೋಡಿದರೆ ಮೂಗೆಳೆಯಬೇಕಾದವಳು ನಾನು.

ಗೇಜು ಎಂದರೆ ದುಂಡನೆಯ ಡಬ್ಬಿ, ಮೇಲೆ ಗಾಜು, ಒಳಗೆ ಅಂಕಿಗಳು, ಒತ್ತಡ ತೋರಿಸುವ ಒಂದು ಮುಳ್ಳು. ಮುಳ್ಳು ಒಂದು ಸಣ್ಣ ಕಡ್ಡಿಯ ಮೇಲೆ ಬಿಗಿಯಾಗಿ ಕೂತಿರುತ್ತದೆ. ರಿಪೇರಿಗೆ ಮೊದಲು ಅದನ್ನು ನೆಟ್ಟಗೆ ಮೇಲೆತ್ತಬೇಕು. ಅದಕ್ಕೆಂದೇ ಹೆಬ್ಬೆರಳುದ್ದದ ಪುಲ್ಲರ್ ಇದೆ. ಅದರ ಎರಡು ಕೊಕ್ಕೆಗಳನ್ನು ಮುಳ್ಳಿನ ಬುಡಕ್ಕೆ ಸಿಕ್ಕಿಸಿ ಮೇಲಿನ ತಿರುಪು ತಿರುಗಿಸಿದರೆ ಆಯಿತು, ಮುಳ್ಳು ಮರ್ಯಾದೆಯಿಂದ ಎದ್ದು ಬರುತ್ತದೆ. ನಮ್ಮ ಜನಕ್ಕೆ ಮಾತ್ರ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೇ ಸಮಾಧಾನ. ಕಡ್ಡಿ ಬಾಗುತ್ತದೆ, ಅಲ್ಲಿಂದಾಚೆ ಗೇಜು ಸುಳ್ಳು ಹೇಳುತ್ತದೆ. ಬಾಯ್ಲರಿನ ಮೇಲೆ ಕೂತ ಗೇಜು ಸುಳ್ಳು ಹೇಳಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಶುಚಿತ್ವ

ಹೆಬ್ಬಾಳದ ಕಡೆಯ ಒಂದು ಲಾಂಡ್ರಿ, ಆಸ್ಪತ್ರೆಗಳ ಬಟ್ಟೆ ಒಗೆಯುವಂಥದ್ದು. ಅಲ್ಲಿನ ಬಾಯ್ಲರ್ ಆಪರೇಟರ್ ಒಂದು ದಿನ ಗೇಜು ತಂದಿಟ್ಟರು. ಮುಳ್ಳು ಬಾಗಿ ಬೆಂಡಾಗಿತ್ತು. ಡಯಲಿನ ಮೇಲೆ ನಾಲ್ಕು ಗೀರು, ಸಾಲಾಗಿ.

"ಯಾವುದರಲ್ಲಿ ಕಿತ್ರಿ?"

"ಫೋರ್ಕಲ್ಲಿ ಮೇಡಂ. ಕ್ಯಾಂಟೀನ್‌ದು."

ನನಗೆ ನಖಶಿಖಾಂತ ಉರಿಯಿತು. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಅವರೆದುರಿಗೇ ಅರ್ಧ ಗಂಟೆ ಪಾಠ ಮಾಡಿದೆ. ಪುಲ್ಲರ್ ತೋರಿಸಿದೆ. ಕಡ್ಡಿ ಹಾಳಾಗಿದೆ, ಈ ಗೇಜು ಗುಜರಿಗೇ ಹೋಗಬೇಕು ಅಂದೆ. ನಿಮ್ಮ ಕೈಗೆ ಬಾಯ್ಲರ್ ಕೊಟ್ಟವರ ತಲೆ ಪರೀಕ್ಷೆ ಮಾಡಿಸಬೇಕು ಅಂತಲೂ ಅಂದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಕೊನೆಗೆ ತಮ್ಮ ಕಡೆಯಿಂದ ಒಂದೇ ಒಂದು ಸಮಜಾಯಿಷಿ ಕೊಟ್ಟರು.

"ತೊಳ್ದೇ ಹಾಕಿದ್ದು ಮೇಡಂ."

ಅವತ್ತೇ ಬೋರ್ಡು ಬರೆಸಿ ನೇತುಹಾಕಿದೆ: "ಫೋರ್ಕು, ಚಮಚ, ಸ್ಕ್ರೂಡ್ರೈವರಿನಿಂದ ಮುಳ್ಳು ಕಿತ್ತ ಗೇಜುಗಳನ್ನು ತೆಗೆದುಕೊಳ್ಳುವುದಿಲ್ಲ."

ಎಲ್ಲರಿಗೂ ಮೂವತ್ತು

ಚಿಕ್ಕಜಾಲದ ಹತ್ತಿರ ಟೈರಿಗೆ ಗಾಳಿ ಹಾಕುವವರೊಬ್ಬರು ಬಂದರು. ಗೇಜನ್ನು ಮೇಜಿನ ಮೇಲಿಟ್ಟರೆ ಮುಳ್ಳು ಮೂವತ್ತರಲ್ಲಿ ನಿಂತಿದೆ. ಪೈಪಿಲ್ಲ, ಗಾಳಿಯಿಲ್ಲ, ಆದರೂ ಮೂವತ್ತು.

"ಇದೇನ್ರೀ ಇದು?"

"ಮುಳ್ಳು ಒಂದ್ಸಲ ಕಿತ್ಕೊಂಡ್ ಬಂತು ಮೇಡಂ. ನಾನೇ ಗೋಂದು ಹಾಕಿ ಅಂಟಿಸ್ದೆ. ಎಲ್ರೂ ಮೂವತ್ತೇ ಕೇಳೋದು."

"ಎಷ್ಟು ದಿನ ಆಯ್ತು?"

"ಯುಗಾದಿಗ್ ಮುಂಚೆ. ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ವಿಮಾನ ನಿಲ್ದಾಣಕ್ಕೆ ಓಡುವ ಅಷ್ಟೂ ಟ್ಯಾಕ್ಸಿಗಳು ಕಣ್ಮುಂದೆ ಬಂದವು. ಮುಳ್ಳು ಕಿತ್ತು, ಗೋಂದು ಕೆರೆದು, ಒಳಗೆಲ್ಲ ಸರಿಮಾಡಲು ಎರಡು ದಿನ ಬೇಕು ಅಂದೆ. ಅವರಿಗೆ ಗಾಬರಿಯಾಯಿತು.

"ಒಳ್ಗಡೆ ಏನೂ ಮುಟ್ಬೇಡಿ ಮೇಡಂ. ಗಾಜು ಒಡ್ದಿದೆ, ಅದೊಂದ್ ಹಾಕ್ಕೊಡಿ ಸಾಕು."

ಅಳೆಯದಿರುವುದಕ್ಕೆ ಪ್ರಮಾಣಪತ್ರ

ಓದದವರೇ ಹೀಗೆ ಅಂದುಕೊಳ್ಳಬೇಡಿ. ನನಗೆ ಗೇಜು ಕಳಿಸುವ ಒಂದು ಕಾರ್ಖಾನೆಯಿಂದ ಆಡಿಟ್ ಸಾಹೇಬರು ಬಂದರು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟಿಕ್ ಹಾಕುವ ಪಟ್ಟಿ. ಪುಲ್ಲರ್ ಎತ್ತಿ ಹಿಂದೆ ಮುಂದೆ ನೋಡಿ ಕೇಳಿದರು, "ಇದರ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್? ಅಳತೆ ಸರಿಯಿದೆ ಅನ್ನುವುದಕ್ಕೆ?"

"ಇದು ಏನೂ ಅಳೆಯೋಲ್ಲ ಸಾರ್. ಬರೀ ಕೀಳುತ್ತೆ."

"ಇರಬಹುದು. ನನ್ನ ಪಟ್ಟಿಯಲ್ಲಿ ಒಂದು ಕಾಲಂ ಖಾಲಿ ಇದೆ."

ಸರಿ, "ಈ ಸಾಧನವು ಏನನ್ನೂ ಅಳೆಯುವುದಿಲ್ಲ" ಎಂದು ಟೈಪು ಮಾಡಿ, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟೆ. ಬಹಳ ಖುಷಿಯಾಗಿ ಹೋದರು. ಮರುವರ್ಷ ಮತ್ತೆ ಬಂದು ಅದೇ ಕಾಗದ ಮುಂದಿಟ್ಟರು.

"ಇದರ ಅವಧಿ ಮುಗಿದಿದೆ. ಈಗಲೂ ಅಳೆಯುವುದಿಲ್ಲವೆಂದು ಹೊಸದು ಕೊಡಿ."

ಆಯುಧಪೂಜೆ

ಹೋದ ವರ್ಷದ ಆಯುಧಪೂಜೆ. ನಮ್ಮ ಅತ್ತೆ ಬಾಗಲೂರಿನ ಕಡೆಯವರು, ಪೂಜೆಯಲ್ಲಿ ಬಹಳ ಕಟ್ಟುನಿಟ್ಟು. ಅಂಗಡಿಯ ಅಷ್ಟೂ ಸಾಮಾನನ್ನು ದೇವರ ಮುಂದೆ ಜೋಡಿಸಿ, ಪುಲ್ಲರಿಗೆ ಕುಂಕುಮವಿಟ್ಟು ಚೆಂಡುಹೂ ಏರಿಸಿದ್ದರು. ಪರೀಕ್ಷೆ ಮಾಡುವ ಪಂಪು ಭಾರವೆಂದು, ಹೊಸ ಗಾಜುಗಳು ಒಡೆದಾವೆಂದು ಅವನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೆಬ್ಬಾಳದ ಬಾಯ್ಲರ್ ಆಪರೇಟರ್ ಓಡಿ ಬಂದರು. ಬಾಯ್ಲರಿಗೆ ಪೂಜೆ ಮಾಡಿ ಬೂದುಗುಂಬಳಕಾಯಿ ಒಡೆದರಂತೆ. ಒಂದು ಹೋಳು ಹಾರಿ ಗೇಜಿನ ಗಾಜು ಪುಡಿಯಾಗಿ, ಮುಳ್ಳು ಡಯಲಿಗೆ ಅಂಟಿಕೊಂಡಿತ್ತು.

"ನಾನು ಕೈ ಹಚ್ಚಿಲ್ಲ ಮೇಡಂ. ನೀವ್ ಬೈದ್ಮೇಲೆ ಮುಟ್ಟೋಕೇ ಭಯ. ನಾಳೆ ಬೆಳಗ್ಗೆ ಆಪರೇಶನ್ ಥಿಯೇಟರ್ ಬಟ್ಟೆ ಹೋಗ್ಬೇಕು. ಗೇಜಿಲ್ದೆ ಬಾಯ್ಲರ್ ಹಚ್ಚಂಗಿಲ್ಲ. ಇನ್ನೊಂದ್ ಗೇಜು ಇತ್ತು, ಅದೇ... ಫೋರ್ಕ್‌ದು."

ಒಳಗೆ ಹೋಗಿ ಪುಲ್ಲರಿಗೆ ಕೈ ಹಾಕಿದೆ. ಅತ್ತೆ ಅಡ್ಡ ನಿಂತರು.

"ನಾಳೆ ಬೆಳಿಗ್ಗೆಗಂಟ ಯಾವುದ್ನೂ ಮುಟ್ಟಂಗಿಲ್ಲ ಕಣಮ್ಮ. ವರ್ಸಕ್ಕೊಂದಿನ ಅವೂ ಕೂತ್ಕಳ್ಳಿ."

"ಆಸ್ಪತ್ರೆ ಕೆಲಸ ಅತ್ತೆ."

"ನಾನೇನ್ ಕೆಲ್ಸ ಮಾಡ್ಬೇಡ ಅಂದ್ನಾ? ಅಡಿಗೆಮನೆ ಸಾಮಾನ್ಗೆ ಪೂಜೆ ಮಾಡಿಲ್ಲ, ಅದ್ರಾಗ್ ಮಾಡ್ಕೋ."

ಬಾಯ್ಲರಿನವರಿಗೆ ಅರ್ಧ ಗಂಟೆ ಬೈಯಬಲ್ಲ ನನಗೆ ಅತ್ತೆಯ ಮುಂದೆ ಅರ್ಧ ಮಾತೂ ಹೊರಡುವುದಿಲ್ಲ. ನಾಚಿಕೆಗೇಡು, ಆದರೆ ನಿಜ. ಅಡುಗೆಮನೆಗೆ ಹೋಗಿ, ಕೈಗೆ ಸಿಕ್ಕಿದ್ದನ್ನು ಸೆರಗಿನಡಿ ಮುಚ್ಚಿಕೊಂಡು ಬಂದೆ.

ಆಪರೇಟರ್ ನನ್ನ ಬೋರ್ಡಿನ ಕೆಳಗೇ ಕೂತಿದ್ದರು. ನಾನು ಅವರಿಗೆ ಬೆನ್ನು ಮಾಡಿ ನಿಂತು, ಉಸಿರು ಬಿಗಿಹಿಡಿದು, ಮುಳ್ಳಿನ ಬುಡಕ್ಕೆ ಎರಡು ಹಲ್ಲು ತೂರಿಸಿ ಕೂದಲೆಳೆಯಷ್ಟೇ ಎತ್ತುತ್ತಾ ಹೋದೆ. ದೇವರ ದಯೆ, ಕಡ್ಡಿ ಬಾಗಲಿಲ್ಲ. ಮುಳ್ಳು ನೆಟ್ಟಗೆ ಮಾಡಿ ಕೂರಿಸಿ, ಹೊಸ ಗಾಜು ಹಾಕಿ, ಪಂಪಿನಲ್ಲಿ ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ಸರಿಯಾಗಿ ತೋರಿಸಿತು.

ತಿರುಗಿ ನೋಡಿದರೆ ಅವರು ನನ್ನ ಹೆಗಲ ಹಿಂದೆಯೇ ನಿಂತಿದ್ದರು. ಗೇಜನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಬೋರ್ಡು ನೋಡಿದರು, ಮೇಜಿನ ಮೇಲಿದ್ದ ಫೋರ್ಕು ನೋಡಿದರು. ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬಹಳ ವಿನಯದಿಂದ ಕೇಳಿದರು:

"ತೊಳ್ದಿದ್ರಾ ಮೇಡಂ?"