ಕೆಂಪು ಚುಕ್ಕೆ, ಹಸಿರು ಚುಕ್ಕೆ ಮತ್ತು ಬಾಬಾಯಿಯ ಮೂರನೇ ಪರೀಕ್ಷೆ

ತರಬೇತಿಗೆ ಸ್ಲೈಡು ಮಾಡುವವರ ಬಾಳಿನಲ್ಲಿ ಮಾನ ಹೋಗುವ ಪ್ರಸಂಗ ವಾರಕ್ಕೊಂದಾದರೂ ನಡೆಯುತ್ತದೆ. ಹೋದದ್ದು ಗೋಡೆಯ ಮೇಲೆ ಆರಡಿ ಅಗಲಕ್ಕೆ ಕಾಣುವುದರಿಂದ ಮುಚ್ಚಿಡುವುದಕ್ಕೂ ಆಗುವುದಿಲ್ಲ.

ಸ್ಲೈಡು ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಪಾಠ ಹೇಳುವಾಗ ಕಂಪ್ಯೂಟರಿನಿಂದ ಪರದೆಯ ಮೇಲೆ ಒಂದೊಂದಾಗಿ ಬೀಳುವ ಪುಟ. ನಾನು ತಿಪಟೂರಿನವನು. ವಿಶಾಖಪಟ್ಟಣದ ಹತ್ತಿರ ಪರವಾಡದಲ್ಲಿ ಒಂದು ಔಷಧಿ ಕಾರ್ಖಾನೆಯ ತರಬೇತಿ ವಿಭಾಗದಲ್ಲಿದ್ದೇನೆ. ವಿಭಾಗ ಅಂದರೆ ಇಬ್ಬರು: ನಾನು ಮತ್ತು ನಮ್ಮ ಮೇಡಂ. ಮೇಡಂ ತೆಲುಗಿನವರು, ಆದರೆ ಕನ್ನಡದ ಮನೆಗೆ ಸೊಸೆಯಾಗಿ ಹೋದವರು. ಹಾಗಾಗಿ ನನ್ನನ್ನು ಹೊಗಳುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ನನ್ನ ಕನ್ನಡ ಇಲ್ಲಿಗೆ ಬಂದ ಮೇಲೆ ಸುಧಾರಿಸಿದ್ದು ಹೀಗೆ.

ಇನ್ನೊಬ್ಬರನ್ನು ಪರಿಚಯಿಸಬೇಕು. ರಿಯಾಕ್ಟರ್ ವಿಭಾಗದ ಹಿರಿಯ ಆಪರೇಟರ್. ರಿಯಾಕ್ಟರ್ ಅಂದರೆ ಔಷಧಿ ಬೇಯುವ ದೊಡ್ಡ ಸ್ಟೀಲಿನ ಪಾತ್ರೆ. ಎಲ್ಲರೂ ಅವರನ್ನು ಬಾಬಾಯಿ ಅನ್ನುತ್ತಾರೆ, ಅಂದರೆ ಚಿಕ್ಕಪ್ಪ. ಹತ್ತೊಂಬತ್ತು ವರ್ಷದಿಂದ ಅದೇ ಪಾತ್ರೆಗಳ ನಡುವೆ ಇರುವವರು. ಹೊಸ ನಿಯಮದ ಪ್ರಕಾರ ಆಪರೇಟರುಗಳೆಲ್ಲ ಒಂದು ಪರೀಕ್ಷೆ ಪಾಸಾಗಬೇಕು. ಮೂರು ಸಲ ಫೇಲಾದರೆ ಪ್ಯಾಕಿಂಗಿಗೆ ವರ್ಗ. ನಾನು ಬರುವ ಹೊತ್ತಿಗೆ ಬಾಬಾಯಿ ಒಂದು ಸಲ ಫೇಲಾಗಿದ್ದರು. ಡಬ್ಬಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುವ ಮಾತು ಬಂದರೆ ಅವರ ಮುಖ ನೋಡಲಾಗುತ್ತಿರಲಿಲ್ಲ.

೧. ಕಂಡದ್ದೇನು?

ನನ್ನ ಮೊದಲ ಸ್ಲೈಡಿನಲ್ಲಿ ಇಪ್ಪತ್ತಮೂರು ಸಾಲುಗಳಿದ್ದವು. ಏನಾದರೂ ಬಿಟ್ಟುಹೋದರೆ ಅಂತ ಭಯ. ಜಾಗ ಸಾಲದಾಗ ಅಕ್ಷರ ಸಣ್ಣ ಮಾಡಿದೆ, ಅಂದವಾಗಿರಲಿ ಎಂದು ಹಿಂದೆ ಸಮುದ್ರದ ಫೋಟೋ ಹಾಕಿದೆ.

ಮೇಡಂ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದಿಟ್ಟರು. ಅವರ ಪದ್ಧತಿ ಅದು. ಕನ್ನಡಕವಿಲ್ಲದೆ, ಕೊನೆಯ ಕುರ್ಚಿಯಿಂದ ಅವರಿಗೆ ಓದಲಾಗದ ಸ್ಲೈಡು ಪಾಸಿಲ್ಲ.

"ಏನಪ್ಪಾ ಇದು, ಅಲೆಯ ಮೇಲೆ ಇರುವೆ ಹೋಗ್ತಿದೆಯಾ?"

"ಸೂಚನೆಗಳು ಮೇಡಂ."

"ಪ್ರಿಂಟ್ ತೆಗೆದು ನೆಲದ ಮೇಲೆ ಇಡು. ನಿಂತುಕೊಂಡು ಓದು."

ಇಟ್ಟೆ. ನಿಂತೆ. ಬಗ್ಗಿದೆ. ಕೊನೆಗೆ ಮಂಡಿಯೂರಿದೆ. ಅಷ್ಟರಲ್ಲಿ ಬಾಬಾಯಿ ಒಳಗೆ ಬಂದರು. ಮೇಡಂ ಪರದೆ ತೋರಿಸಿ, "ಬಾಬಾಯಿ, ಇದರಲ್ಲಿ ನಿಮಗೇನು ಕಾಣುತ್ತೆ?" ಎಂದು ಕೇಳಿದರು. ಆಡಿದ್ದು ತೆಲುಗಿನಲ್ಲಿ; ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾಬಾಯಿ ಬಹಳ ಹೊತ್ತು ನೋಡಿದರು. ನೆಲದ ಮೇಲಿದ್ದ ನನ್ನನ್ನೂ ನೋಡಿದರು. ಮನಸ್ಸು ನೋಯಿಸುವ ಸ್ವಭಾವ ಅವರದ್ದಲ್ಲ.

"ಸಾರ್ ತುಂಬಾ ಕಷ್ಟಪಟ್ಟಿದ್ದಾರೆ ಅಂತ ಕಾಣುತ್ತೆ ಅಮ್ಮಾ," ಎಂದರು.

೨. ತೊಳೆದು ಬನ್ನಿ

ಬುದ್ಧಿ ಬಂತು. ಇನ್ನು ಮೇಲೆ ಸ್ಲೈಡಿಗೆ ಒಂದೇ ವಾಕ್ಯ, ದೊಡ್ಡ ಅಕ್ಷರ, ಅದೂ ತೆಲುಗಿನಲ್ಲಿ. ತೆಲುಗು ಲಿಪಿ ನಮ್ಮ ಲಿಪಿಗೆ ಎಷ್ಟು ಹತ್ತಿರ ಎಂದರೆ, ಕನ್ನಡದವನಿಗೆ ಒಂದೇ ತಿಂಗಳಲ್ಲಿ ತೆಲುಗು ಬಂದುಬಿಟ್ಟಿತು ಎಂಬ ಭ್ರಮೆ ಬರುತ್ತದೆ. ನನಗೆ ಹದಿನೈದೇ ದಿನಕ್ಕೆ ಬಂದಿತ್ತು.

ಉತ್ಪಾದನಾ ವಿಭಾಗದ ಒಳಗೆ ಹೋಗುವ ಮೊದಲು ಕೈ ತೊಳೆಯಬೇಕು. ಕೈಗಳಿಗೆ ತೆಲುಗಿನಲ್ಲಿ ಚೇತುಲು. ನಾನು ಗೋಡೆಯ ಅಗಲಕ್ಕೆ ಹಾಕಿದ್ದು: "ಚೇಪಲು ಕಡುಕ್ಕುನಿ ಲೋಪಲಿಕಿ ರಂಡಿ." ಚೇಪಲು ಅಂದರೆ ಮೀನುಗಳು. ಮೀನು ತೊಳೆದುಕೊಂಡು ಒಳಗೆ ಬನ್ನಿ ಎಂದಾಯಿತು. ಅಕ್ಷರ ಮಾತ್ರ ಕೊನೆಯ ಕುರ್ಚಿಗೂ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಯಾರೂ ನಗಲಿಲ್ಲ. ಅದೇ ನನಗೆ ಮುಳುವಾಯಿತು. ನಾನು ಕೋಲು ಹಿಡಿದು ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿಸಿದೆ. ಆಮೇಲೆ ಎರಡನೇ ಸಾಲಿನ ಹೆಂಗಸೊಬ್ಬರು ವಿನಯದಿಂದ ಎದ್ದು ನಿಂತರು.

"ಸಾರ್, ನಮ್ಮದು ಭೀಮುನಿಪಟ್ಟಣ, ಸಮುದ್ರದ ದಂಡೆಯ ಊರು. ಅಲ್ಲೇ ತೊಳೆದು ತರಬಹುದಾ, ಇಲ್ಲಿಗೆ ತಂದೇ ತೊಳೆಯಬೇಕಾ?"

೩. ಬೆನ್ನಿನ ಭಾಷಣ

ಇದಾದ ಮೇಲೆ ಮೇಡಂ, "ಪದ ಕಡಿಮೆ ಮಾಡು, ಚಿತ್ರ ಹಾಕು" ಎಂದರು. ನಾನು ಪರೀಕ್ಷೆಯ ಸ್ಲೈಡನ್ನೇ ಚಿತ್ರವಾಗಿಸಿದೆ. ಪೈಪುಗಳು, ಅವುಗಳ ಮೇಲೆ ಹತ್ತು ವಾಲ್ವ್. ವಾಲ್ವ್ ಅಂದರೆ ನಲ್ಲಿಯ ಹಾಗೆ. ಮುಚ್ಚಿದ್ದಕ್ಕೆ ಕೆಂಪು ಚುಕ್ಕೆ, ತೆರೆದದ್ದಕ್ಕೆ ಹಸಿರು ಚುಕ್ಕೆ. ಮೊದಲೂ ಹೀಗೇ ಇತ್ತಂತೆ, ನನ್ನ ಚುಕ್ಕೆ ಇನ್ನೂ ದೊಡ್ಡದು. ಯಾವುದು ಮುಚ್ಚಿದೆ, ಯಾವುದು ತೆರೆದಿದೆ ಎಂದು ಬರೆದರೆ ಆಯಿತು. ಎಲ್ಲರೂ ಪಾಸಾದರು. ಬಾಬಾಯಿ ಎರಡನೇ ಸಲ ಫೇಲಾದರು. "ಆ ಮನುಷ್ಯ ಪರದೆ ನೋಡೋದೇ ಇಲ್ಲ," ಎಂದರು ಪ್ಲಾಂಟ್ ಮ್ಯಾನೇಜರ್.

ಅದೇ ವಾರ ವಿಜಯವಾಡದಲ್ಲಿರುವ ನಮ್ಮ ಪ್ಯಾಕಿಂಗ್ ಘಟಕಕ್ಕೆ ಮೇಡಂ ಜೊತೆ ಹೋದೆ. ನಮಗೆ ಹತ್ತಿರದ ಸ್ಟೇಷನ್ ದುವ್ವಾಡದಲ್ಲಿ ರೈಲು ಹತ್ತಿದಾಗಿನಿಂದ ಪಾಠ ಬಾಯಿಪಾಠ ಮಾಡಿದೆ. ಅಲ್ಲಿ ಒಂದು ಗಂಟೆ ನಿರರ್ಗಳವಾಗಿ ಮಾತಾಡಿದೆ. ಮುಗಿದಾಗ ಮುಂದಿನ ಸಾಲಿನ ಕೆಲಸಗಾರರೊಬ್ಬರು ಪಕ್ಕದವರಿಗೆ ಕೈಸನ್ನೆ ಮಾಡಿದರು. ಸನ್ನೆ ಮಾಡಿದವರಿಗೆ ಕಿವಿ ಕೇಳಿಸುವುದಿಲ್ಲ, ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಾರೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ನಾನೋ, ಇಡೀ ಗಂಟೆ ಪರದೆಯ ಕಡೆ ತಿರುಗಿ ಮಾತಾಡಿದ್ದೆ.

"ಏನಂತಿದ್ದಾರೆ?" ಎಂದು ಕೇಳಿದೆ.

ಪಕ್ಕದವರು ಸ್ವಲ್ಪ ಸಂಕೋಚಪಟ್ಟರು. "ಸಾರ್ ಬೆನ್ನು ಬಹಳ ಚೆನ್ನಾಗಿ ಮಾತಾಡಿತು, ಮುಖ ಯಾವಾಗ ಶುರು ಮಾಡುತ್ತೆ ಅಂತ ಕೇಳ್ತಿದ್ದಾನೆ."

ಮಧ್ಯಾಹ್ನ ಮೇಡಂ ಅದೇ ಪಾಠವನ್ನು ಆ ಕೆಲಸಗಾರರ ಎದುರು ನಿಂತು ಮಾಡಿದರು. ಮಾತಾಡುವಾಗ ಪರದೆ ತೋರಿಸಲಿಲ್ಲ, ಪರದೆ ತೋರಿಸುವಾಗ ಮಾತಾಡಲಿಲ್ಲ. ವಿಡಿಯೋ ಹಾಕಿದಾಗ ಕೆಳಗೆ ಮಾತು ಅಕ್ಷರವಾಗಿ ಬಂತು. ಆ ಕೆಲಸಗಾರ ಕೇಳಿದ ಪ್ರಶ್ನೆಗಳಿಗೆ ನನಗಂತೂ ಉತ್ತರ ಗೊತ್ತಿರಲಿಲ್ಲ.

ವಾಪಸು ಬರುವ ರೈಲಿನಲ್ಲಿ ಮೇಡಂ ಕಿಟಕಿಯ ಕಡೆ ನೋಡುತ್ತಾ ಕೇಳಿದರು: "ಈ ಮನುಷ್ಯನಿಗೆ ಏನು ಕೇಳಿಸುತ್ತೆ ಅಂತ ನಾವು ವಿಚಾರಿಸಲಿಲ್ಲ. ಬಾಬಾಯಿಗೆ ಏನು ಕಾಣಿಸುತ್ತೆ ಅಂತ ವಿಚಾರಿಸಿದ್ದೀವಾ?"

೪. ಮೂರನೇ ಪರೀಕ್ಷೆ

ಮರುದಿನ ಮೇಡಂ ಬಾಬಾಯಿಯನ್ನು ಕರೆಸಿ ನನ್ನ ಸ್ಲೈಡು ಹಾಕಿ, "ಕೆಂಪು ಚುಕ್ಕೆ ಯಾವುದು, ತೋರಿಸಿ" ಎಂದರು. ಬಾಬಾಯಿ ಬಾಗಿಲು ಮುಚ್ಚಿದೆಯಾ ಎಂದು ನೋಡಿದರು.

"ಎಲ್ಲಾ ಒಂದೇ ಥರ ಕೆಸರಿನ ಬಣ್ಣ ಅಮ್ಮಾ. ಹುಟ್ಟಿದಾಗಿನಿಂದ ಹೀಗೇ. ಹೇಳಿದರೆ ಕೆಲಸ ಹೋಗುತ್ತೆ ಅಂತ ಹೇಳಲಿಲ್ಲ."

ನಾನು ಗಾಬರಿಯಲ್ಲಿ ಕೇಳಿದೆ: "ಮತ್ತೆ ಇಷ್ಟು ವರ್ಷ ವಾಲ್ವ್ ಹೇಗೆ ನೋಡಿದಿರಿ?"

ಬಾಬಾಯಿ ನನ್ನನ್ನು ಕನಿಕರದಿಂದ ನೋಡಿದರು. "ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ. ಅಡ್ಡ ಇದ್ದರೆ ಮುಚ್ಚಿದೆ. ಇದಕ್ಕೆ ಬಣ್ಣ ಯಾಕೆ ಸಾರ್?"

ಹೋಗಿ ನೋಡಿದೆವು. ನಿಜ. ಪ್ಲಾಂಟಿನಲ್ಲಿ ವಾಲ್ವ್ ಮೇಲೆ ಚುಕ್ಕೆಯೇ ಇಲ್ಲ! ಚುಕ್ಕೆ ಇದ್ದದ್ದು ನನ್ನ ಸ್ಲೈಡಿನಲ್ಲಿ ಮಾತ್ರ. ಪೈಪುಗಳ ಮೇಲೆ ಅವುಗಳೊಳಗೆ ಹರಿಯುವುದರ ಹೆಸರೂ ಬರೆದಿತ್ತು.

ವಿಷಯ ಮ್ಯಾನೇಜರ್ ತನಕ ಹೋಯಿತು. "ಬಣ್ಣ ಕಾಣದವರನ್ನು ರಿಯಾಕ್ಟರ್ ಹತ್ತಿರ ಹೇಗಮ್ಮಾ ಬಿಡೋದು? ಪರೀಕ್ಷೆ ಅಂದಮೇಲೆ ಪರೀಕ್ಷೆ," ಎಂದರು ಅವರು.

"ಆಗಲಿ ಸಾರ್. ಮೂರನೇ ಪರೀಕ್ಷೆ ಇವತ್ತೇ ಮಾಡೋಣ. ನೀವೂ ಜೊತೆಗೆ ಕೂತು ಬರೆಯಿರಿ," ಎಂದರು ಮೇಡಂ. ಮ್ಯಾನೇಜರ್ ನಕ್ಕು ಪೆನ್ನು ತೆಗೆದರು.

ಬಾಬಾಯಿಗೆ ಕೊಟ್ಟದ್ದು ಹೊಸ ಚಿತ್ರ. ವಾಲ್ವ್‌ಗಳು ಅವೇ, ಚುಕ್ಕೆಯ ಬದಲು ಹಿಡಿಯ ಚಿತ್ರವಿತ್ತು, ಉದ್ದಕ್ಕೋ ಅಡ್ಡಕ್ಕೋ. ಮ್ಯಾನೇಜರಿಗೆ ಕೊಟ್ಟದ್ದು ನನ್ನ ಹಳೆಯ ಸ್ಲೈಡೇ. ಆದರೆ ಆಫೀಸಿನ ಕಪ್ಪು-ಬಿಳುಪು ಜೆರಾಕ್ಸ್ ಯಂತ್ರದಲ್ಲಿ ತೆಗೆದ ಪ್ರತಿ.

ಮ್ಯಾನೇಜರ್ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ದೀಪಕ್ಕೆ ಹಿಡಿದರು.

"ಏನಮ್ಮಾ ಇದು, ಎಲ್ಲಾ ಚುಕ್ಕೆಯೂ ಬೂದಿ ಬಣ್ಣ! ಏನಂತ ಬರೆಯಲಿ?"

"ಬಾಬಾಯಿ ಎರಡು ಸಲ ಬರೆದರಲ್ಲ ಸಾರ್, ಹಾಗೇ ಬರೆಯಿರಿ," ಎಂದರು ಮೇಡಂ. ಅವರ ದನಿ ಒಂದಿಷ್ಟೂ ಏರಲಿಲ್ಲ. ಅಂಥ ಹೊತ್ತಿನಲ್ಲಿ ಹಾಗೆ ಮಾತಾಡುವುದು ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಐದು ನಿಮಿಷ ಕಳೆಯಿತು. ಬಾಬಾಯಿಗೆ ಹತ್ತಕ್ಕೆ ಹತ್ತು. ಮ್ಯಾನೇಜರಿಗೆ, ಅಂದಾಜಿನ ಮೇಲೆ, ಹತ್ತಕ್ಕೆ ನಾಲ್ಕು. ಅವರು ಬಾಬಾಯಿಯ ಹಾಳೆಯ ಮೇಲೆ 'ಪಾಸ್' ಎಂದು ಬರೆದು ಸಹಿ ಹಾಕಿದರು. ಆಮೇಲೆ ತಮ್ಮ ಹಾಳೆಯನ್ನೇ ನೋಡುತ್ತಾ ಕೂತರು.

ಎರಡು ಸಲ ಆ ಸ್ಥಿತಿಯಲ್ಲಿ ಕೂತು ಎದ್ದವರು ಬಾಬಾಯಿ. ಮೆಲ್ಲಗೆ ಬಾಗಿ, ಪೂರ್ತಿ ಪ್ರೀತಿಯಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಸಾರ್. ಪ್ಯಾಕಿಂಗಿಗೆ ಹೋಗೋಕೆ ನಿಮಗಿನ್ನೂ ಎರಡು ಸಲ ಬಾಕಿ ಇದೆ."