ಅಸುಂಡಿ ದೊಡ್ಡವ್ವನಿಗೆ ನೂರಾ ನಲವತ್ತು ಮೆಸೇಜು

ಹೆಂಡತಿಯ ತಮ್ಮನ ಮದುವೆಗೆ ನಾಲ್ಕೇ ದಿನವಿತ್ತು. ಶಿರಹಟ್ಟಿಯ ಕಲ್ಯಾಣಮಂಟಪದ ಬೋರ್‌ವೆಲ್ ಕೈಕೊಟ್ಟು, ಮದುವೆ ಗದಗಕ್ಕೆ ಸ್ಥಳಾಂತರವಾಯಿತು. ನೂರಾ ನಲವತ್ತು ಮನೆಗಳಲ್ಲಿದ್ದ ಲಗ್ನಪತ್ರಿಕೆ ಮಾತ್ರ ಇನ್ನೂ ಶಿರಹಟ್ಟಿ ಎನ್ನುತ್ತಿತ್ತು!

"ಒಬ್ಬೊಬ್ಬರಿಗೂ ಫೋನ್ ಹಚ್ಚಿ ಹೇಳೂಣ್ರಿ. ಮಂದಿ ಶಿರಹಟ್ಟಿಗೆ ಹೋಗಿ ಕೀಲಿ ಹಾಕಿದ ಮಂಟಪ ನೋಡ್ಕೊಂತ ನಿಂತ್ರ ನಮ್ಮ ಮರ್ಯಾದಿ ಹೋಗತೈತಿ," ಎಂದಳು ಹೆಂಡತಿ.

ನಾನು ನಕ್ಕೆ. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಲಿತವನು ಫೋನ್ ಹಚ್ಚುತ್ತ ಕೂರುವುದೆ? ಪಟ್ಟಿಯೆಲ್ಲ ನನ್ನ ಡೇಟಾಬೇಸಿನಲ್ಲಿತ್ತು. ಹೆಸರು, ಊರು, ನಂಬರು ಇರುವ ಒಂದು ಸಾಲು ಕೊಟ್ಟರೆ ಒಂದು ಮೆಸೇಜು ಕಳಿಸುವ ಫಂಕ್ಷನ್ನೂ, ಅಂದರೆ ಪುಟ್ಟ ಪ್ರೋಗ್ರಾಮೂ, ಇತ್ತು. ಸಾಲುಗಳನ್ನೆಲ್ಲ ಗಂಟು ಕಟ್ಟಿ ಒಮ್ಮೆಲೇ ಕೊಡುವಂತೆ ಅದನ್ನು ತಿದ್ದಿ, ಗುಂಡಿ ಒತ್ತಿದೆ. ನೂರಾ ನಲವತ್ತು ಹೋದವು ಎಂದಿತು ಪರದೆ.

ಆಮೇಲೆ ಅನುಮಾನ ಶುರುವಾಯಿತು. ಒಂದು ಸಾಲು ಮುಗಿದ ಮೇಲೆ ಮುಂದಿನದಕ್ಕೆ ಹೋಗು ಎಂದು ಬರೆದಿದ್ದೆನೆ? ಬರೆದ ನೆನಪಿತ್ತು. ಆದರೆ ಗ್ಯಾಸ್ ಬಂದ್ ಮಾಡಿದ ನೆನಪೂ ನನಗೆ ದಿನಾ ಇರುತ್ತದೆ. ಹಾಲು ಉಕ್ಕುತ್ತಲೇ ಇರುತ್ತದೆ. ಪ್ರೋಗ್ರಾಮು ತೆರೆದು ನೋಡುವ ಧೈರ್ಯವಾಗಲಿಲ್ಲ.

ಸಂಜೆ ಅಸುಂಡಿಯಿಂದ ಹೆಂಡತಿಯ ದೊಡ್ಡವ್ವನ ಫೋನ್ ಬಂತು. ಊರುಗಳನ್ನು ಅಕ್ಷರದ ಪ್ರಕಾರ ಜೋಡಿಸಿದ್ದರಿಂದ ಪಟ್ಟಿಯ ಮೊದಲ ಸಾಲೇ ಅವರದು.

"ಅಳಿಯಾರ, ನನಗ ಕಿವಿ ಮಂದ ಖರೆ, ಕಣ್ಣ ಚಲೋ ಅದಾವು. ಮದವಿ ಗದಗನ್ಯಾಗ ಅಂತ ಎಷ್ಟ್ ಸಲ ಹೇಳ್ತೀರಿ?"

ಪ್ರೋಗ್ರಾಮು ಮೊದಲ ಸಾಲು ಬಿಟ್ಟು ಕದಲಿರಲಿಲ್ಲ; ನೂರಾ ನಲವತ್ತೂ ಅವರಿಗೇ ಹೋಗಿದ್ದವು!

"ತಪ್ಪಾತು ದೊಡ್ಡವ್ವ. ಉಳಿದವರಿಗೆ ಈಗ..."

"ಉಳದವರಿಗೆಲ್ಲಾ ನಾ ಫೋನ್ ಹಚ್ಚಿ ಹೇಳೇನಿ. ನಮ್ಮ ಅಳಿಯಾರಿಗೆ ಏನೋ ಆಗೈತಿ, ಮದವಿ ಗದಗನ್ಯಾಗ ಅಂತ ಒಂದ ಸಮನ ಬಡಕೊಳ್ಳಾಕತ್ತಾರ ಅಂತ!"

ಮಾನ ಹೋಯಿತು, ಮದುವೆ ಉಳಿಯಿತು.

ಹೆಂಡತಿ ಎರಡು ದಿನ ಮೊದಲೇ ಹೋದಳು. ಮದುವೆಯ ದಿನ ನಾನು ಮುಂಡರಗಿಯ ನಮ್ಮ ಮನೆಯಿಂದ ಬಂದು ಗದಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲೇ ಸಂಶಯ ಹತ್ತಿತು. ಮಂಟಪ ಬದಲಾದದ್ದು ಶಿರಹಟ್ಟಿಯಿಂದ ಗದಗಕ್ಕೋ, ಗದಗದಿಂದ ಶಿರಹಟ್ಟಿಗೋ? ಮೊಬೈಲಿನಲ್ಲಿ ಹುಡುಕಿದೆ. ಮೆಸೇಜಿರಲಿಲ್ಲ, ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲವಲ್ಲ! ಹೆಂಡತಿಯನ್ನು ಕೇಳಲು ಮರ್ಯಾದೆ ಅಡ್ಡ ಬಂತು. ಜೇಬಿನಿಂದ ಲಗ್ನಪತ್ರಿಕೆ ತೆಗೆದೆ. ಲಿಖಿತ ಸಾಕ್ಷ್ಯ! ಶಿರಹಟ್ಟಿ ಬಸ್ ಹತ್ತಿದೆ.

ಕೀಲಿ ಹಾಕಿದ ಮಂಟಪದ ಮುಂದೆ ನಿಂತಿದ್ದಾಗ ಫೋನ್ ಬಂತು. ದೊಡ್ಡವ್ವ.

"ಅಕ್ಕಿಕಾಳು ಬಿದ್ದೂವು, ಮದವಿ ಆತು. ನೂರಾ ನಲವತ್ ಮನಿಯವರೂ ಬಂದಾರ. ನೀವೆಲ್ಲಿ ಅದೀರಿ ಅಳಿಯಾರ?"

ಹೇಳಿದೆ.

ವಾಲಗದ ಸದ್ದನ್ನೂ ಮೀರಿಸಿ ದೊಡ್ಡವ್ವ ಕೂಗಿದರು.

"ಆ ಮೆಸೇಜು ನನಗಲ್ಲ, ನಿಮಗ ಬರಬೇಕಿತ್ತು ನೋಡ್ರಿ. ನೂರಾ ನಲವತ್ತೂ!"