ಸದ್ದು ಮಾಡದ ಪ್ರಾಣಿ

ಸದ್ದು ಮಾಡುವುದಿಲ್ಲ ಎಂಬ ಒಂದೇ ಗುಣ ನೋಡಿ ವಗ್ದಿ ಕೈರೋದ ಶುಕ್ರವಾರದ ಸಂತೆಯಿಂದ ಹಾವಿನ ಮರಿಯೊಂದನ್ನು ಕೊಂಡು ತಂದಿದ್ದ. ಮನೆಯೊಡತಿ ಉಮ್ಮ್ ಶವ್ಕಿ ಕೋಣೆ ಕೊಡುವಾಗಲೇ ಹೇಳಿದ್ದಳು: "ಬೆಕ್ಕು, ನಾಯಿ, ಪಾರಿವಾಳ ಏನೇ ಸಾಕಿದ್ರೂ ಅವತ್ತೇ ಗಂಟುಮೂಟೆ ಕಟ್ಟಬೇಕು." ಅಷ್ಟು ಕಡಿಮೆ ಬಾಡಿಗೆಗೆ ಇನ್ನೊಂದು ಕೋಣೆ ಸಿಗುವ ಹಾಗಿರಲಿಲ್ಲ.

ಬೆರಳುಗಾತ್ರದ, ವಿಷವಿಲ್ಲದ ಮರಿ. ಆದರೆ ರಾತ್ರಿಯಿಡೀ ಪ್ರೆಶರ್ ಕುಕ್ಕರಿನಂತೆ ಬುಸುಗುಟ್ಟಿತ್ತು.

"ಹೆದ್ರಿಕೊಂಡಿದೆ, ಅದಕ್ಕೇ ಮೈಮೇಲೇರಿ ಬರುತ್ತೆ," ಎಂದು ಸಂತೆಯಲ್ಲೇ ಹೇಳಿದ್ದ ಮಾರಿದವನು. "ನೀವು ಹಾಕಿ ಬಿಟ್ಟ ಬನೀನು ಪೆಟ್ಟಿಗೇಲಿಡಿ, ವಾಸನೆ ರೂಢಿ ಆಗ್ಲಿ. ಮೇಲಿಂದ ಕೈ ಹಾಕ್ಬೇಡಿ, ಕೆಳಗಿಂದ ಮೆಲ್ಲಗೆ ಎತ್ತಿ."

ಬೆಳಗ್ಗೆ ವಗ್ದಿ ಉಸಿರು ಬಿಗಿಹಿಡಿದು ಕೆಳಗಿನಿಂದಲೇ ಎತ್ತಿದ. ಮರಿ ಹೆಬ್ಬೆರಳಿಗೆ ಕಚ್ಚಿತು. ಅವನು ಕೈ ಕೊಡವಿದ. ಅದು ದೂರ ಬಿದ್ದು, ಬಾಗಿಲ ಸಂದಿಯಿಂದ ಮೆಟ್ಟಿಲ ಕಡೆ ಜಾರಿತು.

ಎದುರುಮನೆಯ ಸಮೀಹಾ ಅದರ ಬಾಲ ಕಂಡಳು. ಸುದ್ದಿ ಮೆಟ್ಟಿಲಿಳಿಯುವಷ್ಟರಲ್ಲಿ ಹಾವು ತೊಡೆಗಾತ್ರವಾಗಿತ್ತು. ಉಮ್ಮ್ ಶವ್ಕಿ ಹಾವಾಡಿಗ ಶೇಖ್ ಬದವಿಗೆ ಹೇಳಿಕಳಿಸಿದಳು. ಅವನ ಮನೆತನದ ಗುರುಗಳ ಆಣೆಯಿಟ್ಟು ಮಂತ್ರಿಸಿದ ನೀರು ಕುಡಿದವರಿಗೆ ಹಾವು ಕಚ್ಚಿದರೂ ಏನೂ ಆಗದು ಎಂದು ಓಣಿಯೆಲ್ಲ ನಂಬಿತ್ತು.

ಶೇಖ್ ಬಂದ. ಮೆಟ್ಟಿಲ ಕೆಳಗೆ ಬಗ್ಗಿ, "ಗುರುಗಳ ಆಣೆ, ಹೊರಗ್ ಬಾ," ಎಂದು ಕೂಗಿದ. ಅವನ ನಿಲುವಂಗಿಯ ಅಗಲವಾದ ತೋಳಿನೊಳಗೆ ಏನೋ ಮಿಸುಕಾಡಿತು. ಮರುಕ್ಷಣ ಕೈಯಲ್ಲಿ ಮಾರುದ್ದದ ಕಪ್ಪು ಹಾವು.

"ಅದಲ್ಲ," ಎಂದುಬಿಟ್ಟ ವಗ್ದಿ.

ಎಲ್ಲರೂ ತಿರುಗಿದರು.

"ಅದಲ್ಲ ಅಂತ ನಿಂಗೆ ಹ್ಯಾಗಪ್ಪಾ ಗೊತ್ತು? ಬೆರಳಿಗೇನಾಯ್ತು?" ಎಂದಳು ಉಮ್ಮ್ ಶವ್ಕಿ.

ಕೋಣೆ ಕೈತಪ್ಪಿತೆಂದು ವಗ್ದಿ ಬೆವರಿದ. ಅಷ್ಟರಲ್ಲಿ ಮೂಲೆಯ ಪೊರಕೆಯ ಹಿಂದಿನಿಂದ ಮರಿ ಹೊರಬಂತು. ರಾತ್ರಿಯಿಡೀ ಬನೀನಿನಲ್ಲಿ ಮೂಸಿದ ವಾಸನೆ ಹಿಡಿದು ನೆಟ್ಟಗೆ ಅವನ ಬಳಿ ಹರಿದು, ಪಾದದ ಮೇಲೆ ಸುರುಳಿ ಸುತ್ತಿ ಮಲಗಿತು.

ತನ್ನ ಅನ್ನಕ್ಕೆ ಕಲ್ಲು ಬೀಳುವ ಮೊದಲು ಶೇಖ್ ಬಾಯಿ ಹಾಕಿದ. "ಮನೇಲಿ ಇದ್ದಿದ್ದು ಎರಡು. ಒಂದು ನಂಗೆ ಸಿಕ್ತು, ಇನ್ನೊಂದು ಇವರ ಕಾಲಿಗೆ ಬಿತ್ತು ನೋಡಿ. ಕಚ್ಚಿಸ್ಕೊಂಡೂ ಕಲ್ಲು ಹಾಗೆ ನಿಂತಿದಾರೆ. ನಮ್ಮ ಗುರುಗಳ ಆಣೆ ನೀರು ಕುಡಿದೋರು. ನನಗಿಂತ ದೊಡ್ಡೋರು." ಹಾಗೆಂದವನು ಚೀಲ ಹೆಗಲಿಗೇರಿಸಿ ಹೊರಟೇಹೋದ.

ಉಮ್ಮ್ ಶವ್ಕಿಯ ಕಣ್ಣು ಒದ್ದೆಯಾಯಿತು. "ಮೊದಲೇ ಹೇಳಬಾರದಿತ್ತಾ ಮಗನೇ? ನಾನಿರೋವರೆಗೂ ಆ ಕೋಣೆ ನಿಂದೇ."

ವಗ್ದಿಗೆ ಹೋದ ಜೀವ ಬಂದಂತಾಯಿತು. ಕೋಣೆ ಉಳಿಯಿತು, ಮರಿಯೂ ಸಿಕ್ಕಿತು.

"ನನ್ನ ತಂಗಿ ಅಡುಗೆಮನೇಲಿ ನಾಗರಹಾವು ಹೆಡೆ ಎತ್ಕೊಂಡು ಕೂತಿದೆ," ಎಂದಳು ಅವಳು, ಅವನ ತೋಳು ಹಿಡಿದು. "ಶೇಖ್‌ನ ಕಳಿಸೋಣ ಅಂತ ಟ್ಯಾಕ್ಸಿ ಕರೆಸಿದ್ದೆ. ಅವರಿಗಿಂತ ದೊಡ್ಡೋನು ನೀನೇ ಇದೀಯಲ್ಲ, ನಡಿ."

ವಗ್ದಿ ಬಾಯಿ ತೆರೆದ. ಸದ್ದು ಹೊರಡಲಿಲ್ಲ.